ನಾಲ್ಕು ಸಾಕು

ಕ್ವಾಲಾಲಂಪುರ, ಹಾಸ್ಟೆಲು
9 ಜೂನ್ 2024, ಭಾನುವಾರ

ಪಾ,

ಫೋನು ಮಾಡಬಹುದಿತ್ತು. ಮಾಡಿದರೆ ನೀವು "ಹ್ಞೂ", "ಊಟ ಆಯ್ತಾ", "ಸರಿ, ಇಡ್ಲಾ" ಅನ್ನುತ್ತೀರಿ, ಅಲ್ಲಿಗೆ ಮುಗಿಯಿತು. ಇಪೋದ ಬೋರ್ಡಿಂಗ್ ಶಾಲೆಯಲ್ಲಿ ಹತ್ತು ವರ್ಷ ಪ್ರತಿ ಭಾನುವಾರ ಬೆಳಗ್ಗೆ ಕೂರಿಸಿ ಮನೆಗೆ ಕಾಗದ ಬರೆಸಿದರಲ್ಲ, ಆ ಚಾಳಿ ಬಿಟ್ಟಿಲ್ಲ. ನಿಮಗೂ ಕಾಗದವೇ ವಾಸಿ ಅನ್ನಿಸುತ್ತದೆಂದು ನನಗೆ ಗೊತ್ತು.

ಅನಿಮೇಶನ್ ಕ್ಲಾಸಿನಲ್ಲಿ ನಾವು ಇಪ್ಪತ್ತೆರಡು ಜನ. ಮೊದಲ ದಿನ ಎಲ್ಲರೂ ಎದ್ದು ನಿಂತು ತಮ್ಮ ಬಗ್ಗೆ ಹೇಳಬೇಕಿತ್ತು. ನನ್ನ ಸರದಿ ಬರುವಷ್ಟರಲ್ಲಿ ಹೇಳಬೇಕೆಂದುಕೊಂಡದ್ದೆಲ್ಲ ಮರೆತಿತ್ತು. ಮುಖ ನೋಡಿ ಒಬ್ಬ "ನೀನು ಎಲ್ಲಿಯವಳು, ನಿಜವಾಗಿ?" ಅಂದ. ತಂದೆ ಪೆನಾಂಗಿನವರು, ತಾಯಿ ಇಂಗ್ಲೆಂಡಿನವರು ಅಂದೆ. "ತಂದೆ ಏನ್ ಮಾಡ್ತಾರೆ?" ಸತ್ತವರಿಗೆ ಕಾಗದದಲ್ಲಿ ಮನೆ, ಕಾರು, ಸಾಮಾನು ಮಾಡಿಕೊಡುತ್ತಾರೆ, ಸುಟ್ಟರೆ ಅದು ಅವರಿಗೆ ತಲುಪುತ್ತದೆ ಅಂದೆ. ಹಿಂದಿನ ಸಾಲಿನಲ್ಲಿ ನಕ್ಕರು. ನಮ್ಮ ಮೇಷ್ಟ್ರು ರಜ್ಲಾನ್ ಸರ್ ನಗಲಿಲ್ಲ. "ಹಾಗಾದ್ರೆ ಇವಳು ನಿಮ್ಮೆಲ್ಲರಿಗಿಂತ ಮುಂಚೆನೇ ಮಾಡೆಲಿಂಗ್ ಕಲಿತು ಬಂದಿದಾಳೆ, ನಗಬೇಡಿ" ಅಂದರು.

ಆಮೇಲೆ ಅವರು ಯಾರ ಹತ್ತಿರ ಎಂಥ ಕಂಪ್ಯೂಟರ್ ಇದೆ ಎಂದು ಬರೆದುಕೊಂಡರು. ನಾನು "ಬರ್ತಾ ಇದೆ ಸರ್" ಅಂದೆ. ಸುಳ್ಳು. ಆಗಸ್ಟ್ ಮೂರನೇ ವಾರದವರೆಗೆ ಲ್ಯಾಬಿನದು ಸಿಗುತ್ತದೆ. ಆಮೇಲೆ ಸ್ವಂತದ್ದಿಲ್ಲದಿದ್ದರೆ ಮೊದಲ ಪ್ರಾಜೆಕ್ಟಿಗೆ ಕೂರಿಸುವುದಿಲ್ಲ.

ಕೇಳಲು ಭಯ, ಪಾ. ಕೋಕೋ ಅಣ್ಣ ತೀರಿಹೋದಮೇಲೆ, ಆ ಅಂಗಡಿಯವನನ್ನು ಬೈಯುವುದೊಂದು ಬಿಟ್ಟರೆ, ಲ್ಯಾಪ್‌ಟಾಪ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿಲ್ಲ. ಈ ಎರಡು ವರ್ಷ ಎಲ್ಲರೂ ಅದರ ಸುತ್ತ ಬಳಸಿಕೊಂಡು ನಡೆದಿದ್ದೇವೆ. ಆದರೆ ನನಗೊಂದು ಬೇಕು.

ಬೈಯುವುದಿದ್ದರೆ ಕಾಗದದಲ್ಲೇ ಬೈಯಿರಿ.

ನಿಮ್ಮ,
ಹುಯ್ ಚೆರ್ನ್


ಜಾರ್ಜ್‌ಟೌನ್
ಪೆನಾಂಗ್, 19 ಜೂನ್

ಚೆರ್ನ್,

ಕಾಗದ ಬಂತು. ಸತ್ತವರಿಗೆ ಸುಡುವ ನಮ್ಮ ಏಳನೇ ತಿಂಗಳ ಕೆಲಸ ಮೈಮೇಲೆ ಬಿದ್ದಿದೆ. ಮೂರು ಬಂಗಲೆ, ಒಂದು ಮೀನುಗಾರರ ದೋಣಿ. ದೋಣಿಯವರು ಎಂಜಿನ್ನೂ ಕಾಣಬೇಕು ಅನ್ನುತ್ತಾರೆ. ನಿನ್ನ ಗ್ವೇಕ್ ಅತ್ತೆಗೆ ಚಿನ್ನದ ಕಾಗದ ಮಡಚುವ ಹೆಂಗಸರ ಜೊತೆ ದಿನವಿಡೀ ಜಗಳ.

ಒಂದು ವಿಷಯ ಕೇಳಿ ಬರಿ. ಚಿತ್ರ ಮಾಡಿ ಅದನ್ನು ಓಡಾಡಿಸುವ ಕೆಲಸಕ್ಕೆ ಎಂಥ ಲ್ಯಾಪ್‌ಟಾಪ್ ಸರಿ? ಒಳಗೆ ಏನೇನಿರಬೇಕು, ಯಾವುದು ಎಷ್ಟಿರಬೇಕು? ಒಳಗಿನ ಭಾಗಗಳು ನೋಡಲು ಹೇಗಿರುತ್ತವೆ ಎಂಬುದನ್ನೂ ಬರಿ. ಉದ್ದ, ಅಗಲ, ಬಣ್ಣ. ಒಂದೂ ಬಿಡಬೇಡ. ಯಾವುದಕ್ಕೂ ಕೊರತೆ ಆಗಬಾರದು, ಕಾಯುವ ಹಾಗೆ ಆಗಬಾರದು.

ಅಂಗಡಿಯವನನ್ನು ಕೇಳಬೇಡ. ನಿಮ್ಮ ಮೇಷ್ಟ್ರನ್ನು ಕೇಳು. ನಿಜವಾಗಿ ಕೇಳು.

ಹಣ್ಣು ತಿನ್ನು.

ಪಾ


ಕ್ವಾಲಾಲಂಪುರ
30 ಜೂನ್, ಭಾನುವಾರ

ಪಾ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನನ್ನ ರೂಮಿನ ಬಲ್ಕಿಸ್ "ಯಾರೇ ಅದು, ಹುಡುಗನಾ?" ಅಂದಳು. ಅಪ್ಪ ಅಂದರೆ ನಂಬಲಿಲ್ಲ.

ಸರ್ ಹತ್ತಿರ ಕೇಳಿದೆ. ನಿಜವಾಗಿ ಕೇಳಿದೆ. ಕ್ಲಾಸು ಮುಗಿದ ಮೇಲೆ ಬಾಗಿಲಲ್ಲಿ ಕಾದು ನಿಂತು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವರು ಮೊದಲು ನನ್ನನ್ನೇ ಕೇಳಿದರು: "ಏನ್ ಮಾಡ್ತೀಯ ಅದ್ರಲ್ಲಿ? ಬರೀ ಚಿತ್ರ ಬರೀತೀಯಾ, ವಿಡಿಯೊ ಕತ್ತರಿಸಿ ಜೋಡಿಸ್ತೀಯಾ, ಇಲ್ಲ ಗೊಂಬೆ ಕಟ್ಟಿ ಕುಣಿಸ್ತೀಯಾ? ಅದು ಹೇಳ್ದೆ ಯಂತ್ರ ಕೇಳೋದು, ಯಾರ ಕಾಲಿಗೆ ಅಂತ ಹೇಳ್ದೆ ಚಪ್ಪಲಿ ಕೇಳ್ದಂಗೆ." ಗೊಂಬೆ ಕುಣಿಸುತ್ತೇನೆ ಅಂದೆ. "ಹಾಗಾದ್ರೆ ಬರ್ಕೋ" ಅಂದರು.

ಮೆಮೊರಿ ಮೂವತ್ತೆರಡು ಜಿಬಿ. ಇದು ನಿಮ್ಮ ಕೆಲಸದ ಮೇಜು ಇದ್ದ ಹಾಗೆ. ದೊಡ್ಡ ಮೇಜಾದರೆ ಬಿದಿರುಕಡ್ಡಿ, ಅಂಟು, ಬಣ್ಣದ ಕಾಗದ ಎಲ್ಲವನ್ನೂ ಹರವಿಕೊಂಡು ಕೂರಬಹುದು. ಚಿಕ್ಕದಾದರೆ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿರಬೇಕು. ಆ ಇಡುವ, ಎತ್ತುವ ಹೊತ್ತಿನಲ್ಲೇ ತೆರೆಯ ಮೇಲೆ ಚಕ್ರ ಸುತ್ತುವುದು. ಹದಿನಾರರಲ್ಲಿ ಹೇಗೋ ನಡೆಯುತ್ತದೆ, ಎಂಟರಲ್ಲಿ ಅಭ್ಯಾಸ ಮಾಡಬಹುದು ಅಂದರು. ಅದಕ್ಕಿಂತ ಕೆಳಗಿನದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೋಡಲು ಬೆರಳುದ್ದದ ಹಸಿರು ಪಟ್ಟಿ, ಒಂದು ಅಂಚಿಗೆ ಚಿನ್ನದ ಹಲ್ಲುಗಳು.

ಪ್ರೊಸೆಸರ್ ಅಂದರೆ ಮೇಸ್ತ್ರಿ, ನೀವು. ಚೌಕದ ಬೆಳ್ಳಿ ಬಿಲ್ಲೆ. ಆದರೆ ಗೊಂಬೆಯ ಮೇಲೆ ಬೆಳಕು ಬೀಳಿಸಲು ಒಬ್ಬ ಜಾಣ ಮೇಸ್ತ್ರಿ ಸಾಲದು, ಒಂದೇ ಕೆಲಸವನ್ನು ಒಟ್ಟಿಗೆ ಮಾಡುವ ಸಾವಿರ ಕೈ ಬೇಕು. ಅದಕ್ಕೆ ಬೇರೆಯದೇ ಗ್ರಾಫಿಕ್ಸ್ ಕಾರ್ಡು, ಅದಕ್ಕೆ ಅದರದೇ ಎಂಟು ಜಿಬಿ. ಅತ್ತೆಯ ಹೆಂಗಸರ ಗುಂಪು ಅಂದುಕೊಳ್ಳಿ, ಜಗಳ ಬಿಟ್ಟು. ಸಾಮಾನು ತುಂಬಿಡಲು ಒಂದು ಟಿಬಿ ಡಿಸ್ಕು, ತಟ್ಟೆ ತಿರುಗುವ ಹಳೆಯ ಬಗೆಯದಲ್ಲ, ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು ಚಿಕ್ಕದು. ತೆರೆ ಬಣ್ಣವನ್ನು ಇದ್ದ ಹಾಗೆ ತೋರಿಸಬೇಕು. ಅಗ್ಗದ ತೆರೆಯಲ್ಲಿ ನಾವು ಕೆಂಪು ಹಚ್ಚಿದ್ದು ಕಿತ್ತಳೆಯಾಗಿ ಕಾಣುತ್ತದೆ. ತೀರ ತೆಳುವಾದದ್ದು ಬೇಡವೇ ಬೇಡ. ಕಾದು ನಿಧಾನವಾಗುತ್ತದೆ. ಒಳಗೆ ಎರಡು ಫ್ಯಾನು, ಕಪ್ಪು, ಎಲೆಯಂಥ ರೆಕ್ಕೆಗಳು.

ಬಣ್ಣ ಯಾಕೆ ಕೇಳಿದಿರೋ ತಿಳಿಯಲಿಲ್ಲ. ಅಂಗಡಿಯವನು ಮೋಸ ಮಾಡದಿರಲಿ ಎಂದಿರಬೇಕು.

ಇನ್ನೊಂದು ಕೋರಿಕೆ. ಹಾಸ್ಟೆಲಿನಲ್ಲಿ ವಸ್ತುಗಳು ಕೈ ಬದಲಾಗುತ್ತವೆ. ಅದರ ಮೇಲೆ ನನ್ನ ಹೆಸರು ಬರೆದು ಕಳಿಸಿ. ಅಂಗಡಿಯಲ್ಲಿ ಎಲ್ಲ ಸಾಮಾನಿಗೂ ಹಳದಿ ಚೀಟಿ ಅಂಟಿಸಿ ಕುಂಚದಲ್ಲಿ ಬರೆಯುತ್ತೀರಲ್ಲ, ಹಾಗೆಯೇ, ನಿಮ್ಮ ಅಕ್ಷರದಲ್ಲಿ. ಹುಟ್ಟಿದ ದಿನವನ್ನೂ ಬರೆಯಿರಿ. ಚೆಂದ ಕಾಣುತ್ತದೆ.

ನಿಮ್ಮ,
ಚೆರ್ನ್


ಜಾರ್ಜ್‌ಟೌನ್
13 ಜುಲೈ

ಚೆರ್ನ್,

ನಿನ್ನ ಗ್ವೇಕ್ ಅತ್ತೆ ಬರೆಯುವುದು. ನಿನ್ನಪ್ಪ ಒಂದು ವಾರದಿಂದ ಕಾಗದ ಮುಂದಿಟ್ಟುಕೊಂಡು ಕೂರುತ್ತಾನೆ, ಪೆನ್ನಿನ ಮುಚ್ಚಳ ತೆಗೆಯುತ್ತಾನೆ, ಹಾಕುತ್ತಾನೆ. ನೋಡಿ ನೋಡಿ ಸಾಕಾಗಿ ನಾನೇ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ದಿನ ಅವನು ಅರ್ಧ ಓದಿ ನಗುತ್ತಿದ್ದ. ಮೇಸ್ತ್ರಿ ಅಂದಿದ್ದೀಯಂತೆ. ಆಮೇಲೆ ಮುಖ ಬೂದಿಯಾಯಿತು.

"ಏನಂತೋ?" ಅಂದೆ.

"ಹೆಸರು ಬರೀರಿ ಅಂತಾಳೆ. ಹಳದಿ ಚೀಟೀಲಿ. ಹುಟ್ಟಿದ ದಿನಾನೂ ಬೇಕಂತೆ."

"ಯಾರ ಹೆಸರು?"

"ಅವಳದೇ."

ನಾನು ಅಂಟಿನ ಬಟ್ಟಲು ಕೆಳಗಿಟ್ಟೆ. "ಥೂ ಥೂ ಅನ್ನೋ ಮೊದ್ಲು! ಆ ಮಗೀಗೇನ್ ಗೊತ್ತು ಪಾಪ. ಎಂಟು ವರ್ಷಕ್ಕೇ ಎತ್ಕೊಂಡೋಗಿ ಹಾಸ್ಟೆಲಿಗೆ ಹಾಕಿದ್ರಿ ಗಂಡ ಹೆಂಡ್ತಿ."

ಹಳದಿ ಚೀಟಿಯ ಹೆಸರು ಗಿರಾಕಿಯದಲ್ಲ ಕಣೇ. ಸಾಮಾನು ಯಾರಿಗೆ ಸೇರಬೇಕೋ ಅವರದು, ಆ ಕಡೆ ಹೋದವರದು. ಹುಟ್ಟಿದ ದಿನ ಬರೆಯುವುದು ಅದೇ ಹೆಸರಿನ ಇನ್ನೊಬ್ಬರ ಕೈಗೆ ಸಿಗದಿರಲಿ ಎಂದು. ಬದುಕಿರುವವರ ಹೆಸರು ಹಾಗೆ ಬರೆದರೆ ಏನಾಗುತ್ತದೆಂದು ನನ್ನ ಬಾಯಲ್ಲಿ ಹೇಳಿಸಬೇಡ. ಆ ಕಾಗದವನ್ನು ಗುಡಿಗೆ ಕೊಂಡೊಯ್ದು ಮೂರು ಸುತ್ತು ನಿವಾಳಿಸಿ ತಂದಿದ್ದೇನೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಯಂತ್ರ ನಿನಗಲ್ಲ. ನಿನ್ನ ಕೋಕೋಗೆ, ಬೂನ್ ಲಾಯ್‌ಗೆ.

ಹೋದ ವರ್ಷ ಏಳನೇ ತಿಂಗಳಲ್ಲಿ ಅವನಿಗೆ ಒಂದು ಲ್ಯಾಪ್‌ಟಾಪ್ ಸುಟ್ಟೆವು. ಸಗಟು ಅಂಗಡಿಯ ಸಿದ್ಧ ಡಬ್ಬ, ಮೇಲೆ ಹೊಳೆಯುವ ಕಾಗದ, ಒಳಗೆ ಗಾಳಿ. ಅಲ್ಲಿಂದ ನಿನ್ನಪ್ಪನಿಗೆ ಕನಸು ಶುರು. ಲಾಯ್ ಬೆನ್ನು ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿರುತ್ತಾನಂತೆ, ಕಾಯುವಾಗ ಕುಣಿಸುತ್ತಿದ್ದನಲ್ಲ ಮೊಣಕಾಲು, ಹಾಗೆ ಕುಣಿಸುತ್ತ. ಏನೋ ಅಂದರೆ ತಿರುಗುವುದಿಲ್ಲ. "ಇನ್ನೂ ಸುತ್ತುತ್ತಾ ಇದೆ ಪಾ" ಅನ್ನುತ್ತಾನಂತೆ. ಅಷ್ಟೇ. "ಖಾಲಿ ಡಬ್ಬ ಕಳಿಸಿದೀನಿ ಗ್ವೇಕ್ ನನ್ ಮಗನಿಗೆ" ಎಂದು ಇವನು ಅಳುವುದು. ಅದಕ್ಕೇ ಈ ಸಲ ಒಳಗಿನ ಒಂದೊಂದು ಭಾಗವನ್ನೂ ಮಾಡಿ ಕಳಿಸುವ ಹಟ. ನಿನ್ನ ಮೊದಲ ಕಾಗದದಲ್ಲಿ ಲ್ಯಾಪ್‌ಟಾಪ್ ಅನ್ನುವ ಮಾತು ಕಂಡದ್ದೇ ಅವನಿಗೆ ಅದೊಂದೇ ತಲೆಗೆ ಹೋಯಿತು. ನಿನಗೆ ಬೇಕು ಎಂದು ನೀನು ಬರೆದದ್ದು ಹೋಗಲೇ ಇಲ್ಲ.

ಅವನನ್ನು ತಪ್ಪು ತಿಳಿಯಬೇಡ. ಬೈಯುವುದಾದರೆ ಅಂದು ನಾಲ್ಕು ಜಿಬಿಯದನ್ನು ತಲೆಗೆ ಕಟ್ಟಿದ ಅಂಗಡಿಯವನನ್ನು ಬೈ. ನಾಲ್ಕು! ನಮ್ಮ ಬಾಯಲ್ಲಿ ನಾಲ್ಕು ಅಂದರೂ ಸಾವು ಅಂದರೂ ಒಂದೇ ಸದ್ದು. ನಾಲ್ಕನೇ ಮಹಡಿಯ ಮನೆಗೆ ನಮ್ಮವರು ಬಾಡಿಗೆಗೂ ಹೋಗುವುದಿಲ್ಲ. ಅದು ಓಡದೆ ತಾನೇ ಹುಡುಗ ದಿನಾ ಬೆಳಗ್ಗೆ ತನ್ನ ಗೊಂಬೆ ಚಿತ್ರ ಮಾಡಲು ಸೇತುವೆ ದಾಟಿ ಆಚೆ ಊರಿನ ಗೆಳೆಯನ ಯಂತ್ರಕ್ಕೆ ಹೋಗುತ್ತಿದ್ದದ್ದು. ಮಳೆ, ಲಾರಿ. ಸಾಕು.

ನಾನು ಬರೆದೆ ಎಂದು ಅವನಿಗೆ ಗೊತ್ತಿದೆ. ಬೇಡ ಅನ್ನಲಿಲ್ಲ.

ಗ್ವೇಕ್ ಅತ್ತೆ


ಕ್ವಾಲಾಲಂಪುರ
21 ಜುಲೈ, ಭಾನುವಾರ

ಪಾ,

ಅತ್ತೆಯ ಕಾಗದ ಬಂದು ನಾಲ್ಕೈದು ದಿನವಾಯಿತು. ಹೆಸರಿನ ವಿಷಯ ಕ್ಷಮಿಸಿ. ನನಗೆ ಗೊತ್ತಿರಬೇಕಿತ್ತು. ನಮ್ಮದೇ ಅಂಗಡಿ, ನಮ್ಮದೇ ಚೀಟಿ. ಇಲ್ಲಿ ನಾನು ಅರ್ಧ, ಮಮ್ ಊರಿಗೆ ಹೋದರೂ ಅರ್ಧ. ಸಾವಿನ ವಿಷಯದಲ್ಲಾದರೂ ಪೂರ್ತಿ ಆಗಿದ್ದೇನೆ ಅಂದುಕೊಂಡಿದ್ದೆ.

ಯಂತ್ರ ಕೋಕೋಗೇ ಆಗಲಿ. ಅದಕ್ಕೆ ಬೇಜಾರಿಲ್ಲ. ಬರೆಯಬೇಕಾದದ್ದು ಬೇರೆ.

ಅಂಗಡಿಯವನನ್ನು ಬೈಯಬೇಡಿ.

2022ರ ಏಪ್ರಿಲ್‌ನಲ್ಲಿ ನೀವು ಶಾಲೆಗೆ ಬರೆದಿದ್ದಿರಿ. ಲಾಯ್‌ಗೆ ಲ್ಯಾಪ್‌ಟಾಪ್ ಬೇಕಂತೆ, ನಾಲ್ಕರದ್ದೂ ಇದೆ, ಎಂಟರದ್ದೂ ಇದೆ, ಅವನನ್ನು ಕೇಳಿದರೆ ದೊಡ್ಡದೇ ಅನ್ನುತ್ತಾನೆ, ನಿಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರನ್ನು ಕೇಳಿ ಬರಿ, ಎಂದು. ನಾನು ಕೇಳಲಿಲ್ಲ. ಕೇಳಬೇಕಿದ್ದರೆ ಸ್ಟಾಫ್ ರೂಮಿನ ಬಾಗಿಲು ತಟ್ಟಬೇಕಿತ್ತು. ಎರಡು ಸಲ ಬಾಗಿಲವರೆಗೆ ಹೋದೆ. ಒಳಗೆ ಯಾರೋ ನಗುತ್ತಿದ್ದರು, ವಾಪಸು ಬಂದೆ. ಅಷ್ಟೇ ಕಾರಣ, ಪಾ. ಹದಿನಾರು ವರ್ಷದವಳಿಗೆ ಒಂದು ಬಾಗಿಲು ತಟ್ಟಲು ಆಗಲಿಲ್ಲ. ಭಾನುವಾರ ಕಾಗದ ಮುಗಿಸುವ ಗಂಟೆಗೆ ಐದು ನಿಮಿಷ ಇರುವಾಗ "ಮೇಷ್ಟ್ರನ್ನು ಕೇಳಿದೆ ಪಾ, ನಾಲ್ಕು ಸಾಕಂತೆ" ಎಂದು ಬರೆದೆ. ನಾಲ್ಕು ಎಂದು ಬರೆಯುವಾಗ ಅದರ ಸದ್ದು ಕಿವಿಗೆ ಬೀಳಲೂ ಇಲ್ಲ.

ಈಗ ಲ್ಯಾಬಿನಲ್ಲಿ ಗೊಂಬೆ ನಡೆಸುವಾಗ ಕುರ್ಚಿ ಬೆಚ್ಚಗಿದೆ ಅನ್ನಿಸುತ್ತದೆ. ಯಾರೋ ಈಗಷ್ಟೇ ಎದ್ದುಹೋದ ಹಾಗೆ. ಬಲ್ಕಿಸ್ ಕೇಳಿದರೆ ಏನಿಲ್ಲ ಅನ್ನುತ್ತೇನೆ.

ಈ ಕೋರ್ಸು ಬಿಡಬಹುದು. ಲೆಕ್ಕಪತ್ರದ ಕೋರ್ಸಿಗೆ ಆಗಸ್ಟ್ ಕೊನೆಯವರೆಗೆ ಬದಲಾಯಿಸಿಕೊಳ್ಳಬಹುದಂತೆ. ನೀವು ಬಿಡು ಅಂದರೆ ಬಿಡುತ್ತೇನೆ.

ಚೆರ್ನ್


ಜಾರ್ಜ್‌ಟೌನ್
8 ಆಗಸ್ಟ್

ಚೆರ್ನ್,

ಬರೆಯುವುದು ತಡವಾಯಿತು. ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಮೊದಲನೆಯದನ್ನು ಈ ಸಲ ಕೊನೆಯವರೆಗೆ ಓದಿದೆ.

ಒಂದನ್ನು ಸರಿಮಾಡಬೇಕು. ನಾಲ್ಕು ಸಾಕು ಎಂಬ ನಿನ್ನ ಕಾಗದ ನನ್ನ ಕೈಗೆ ಬಂದದ್ದು ಶುಕ್ರವಾರ. ನಾನು ಯಂತ್ರ ಕೊಂಡು ತಂದದ್ದು ಅದರ ಹಿಂದಿನ ಬುಧವಾರ. ಕಾಯುವ ತಾಳ್ಮೆ ಇರಲಿಲ್ಲ. ನಿನ್ನ ಕಾಗದ ನೋಡಿ ಕೊಂಡದ್ದಲ್ಲ. ಇದನ್ನು ಇಲ್ಲಿಗೆ ಬಿಡು.

ನೀನು ಬರೆದ ಅಳತೆ ಸಾಲದೆ ಲಾಯ್‌ನ ಹಳೆಯದನ್ನು ಬಿಚ್ಚಿದೆ. ಬಿಚ್ಚುವ ಮೊದಲು ಒಮ್ಮೆ ಹಚ್ಚಿ ನೋಡಿದೆ. ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದರೂ ಅದಿನ್ನೂ ಏಳುತ್ತಿತ್ತು. ಆಮೇಲೆ ಅವನ ಚಿತ್ರ ಬಂತು. ಬಸ್ ನಿಲ್ದಾಣ, ಒಬ್ಬ ಹುಡುಗಿ, ಕೈಯಲ್ಲಿ ಹಾಸ್ಟೆಲಿನ ಚೀಲ. ಮುಖ ನಿನ್ನದು. ತಲೆ ಮಾತ್ರ ಬೋಳು. ಗ್ವೇಕ್ ನೋಡಿ "ಅಯ್ಯೋ, ಸನ್ಯಾಸಿ ಮಾಡ್ಬಿಟ್ಟಿದಾನಲ್ಲೋ ತಂಗೀನ!" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಕೂದಲು ಯಾಕಿಲ್ಲ?

ಅವನದಕ್ಕೆ ಮೆಮೊರಿ ಅರವತ್ತನಾಲ್ಕು ಹಾಕಿದ್ದೇನೆ. ಗ್ವೇಕ್ ಅದರಲ್ಲೂ ನಾಲ್ಕಿದೆ ಎಂದು ಕೂಗಾಡಿದಳು. "ಸತ್ತವನಿಗೆ ಇನ್ನು ನಾಲ್ಕರ ಭಯ ಏನೇ?" ಅಂದೆ. ಹಸಿರು ಪಟ್ಟಿ, ಚಿನ್ನದ ಹಲ್ಲು, ಎಲ್ಲ ಆಯಿತು. ಫ್ಯಾನುಗಳನ್ನು ಸೂಜಿಯ ಮೇಲೆ ಕೂರಿಸಿದ್ದೇನೆ. ಮುಚ್ಚಳ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಇರಲಿ.

ನಿನ್ನದನ್ನು ನಿನ್ನೆ ಕೊಂಡೆ. ನಿನ್ನ ಕಾಗದವನ್ನೇ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಆ ಹುಡುಗಿ ತೆಳ್ಳಗಿನದೊಂದು ತೋರಿಸಿ "ಅಂಕಲ್, ಇದು ನೋಡಿ, ರೆಕ್ಕೆ ಥರ ಹಗುರ" ಅಂದಳು. "ರೆಕ್ಕೆ ಬೇಡಮ್ಮ, ಉಸಿರಾಡ್ಬೇಕು ಅದು" ಅಂದೆ. ಅವಳು ನನ್ನನ್ನು ಬೇರೆ ಥರ ನೋಡಿದಳು. ನಿನ್ನದು ಮೂವತ್ತೆರಡು. ಅವನಿಗೆ ಜಾಸ್ತಿ ಎಂದು ಬೇಜಾರು ಮಾಡಿಕೊಳ್ಳಬೇಡ. ಹೋದವರದೂ ಇದ್ದವರದೂ ಜೋಡಿ ಆಗಬಾರದು, ಒಂದಾದರೂ ಬೇರೆ ಇರಬೇಕು. ಮೇಲೆ ಹೆಸರು ಬರೆದಿಲ್ಲ. ಬರೆಯುವುದಿಲ್ಲ.

ಹದಿನೆಂಟಕ್ಕೆ ಬಾ, ಆ ದಿನ ಸುಡುತ್ತೇವೆ. ಬಂದಾಗ ತೆಗೆದುಕೊಂಡು ಹೋಗು. ಲೆಕ್ಕಪತ್ರ ಬೇಡ. ನಿನಗೆ ಕೂಡಿಸಲು ಬರುವುದಿಲ್ಲ.

ಪಾ


ಕ್ವಾಲಾಲಂಪುರ
12 ಆಗಸ್ಟ್

ಗ್ವೇಕ್ ಅತ್ತೆ,

ಈ ಕಾಗದ ನಿಮಗೆ ಮಾತ್ರ. ಪಾ ಕೇಳಿದರೆ ಬಸ್ಸಿನ ವೇಳೆ ಬರೆದಿದ್ದಾಳೆ ಅನ್ನಿ. ಶನಿವಾರ ಸಂಜೆ ಐದಕ್ಕೆ ಬರುತ್ತೇನೆ, ಹಾಗಾಗಿ ಸುಳ್ಳಾಗುವುದಿಲ್ಲ.

ಪಾ ನನಗೆ ಬರೆದಿದ್ದಾರೆ. ನಾಲ್ಕು ಸಾಕು ಎಂದು ನಾನು ಸುಳ್ಳು ಬರೆದ ಕಾಗದ ಬರುವ ಮೊದಲೇ ಲ್ಯಾಪ್‌ಟಾಪ್ ತಂದಾಗಿತ್ತಂತೆ. ಓದಿ ಎದೆ ಹಗುರಾಯಿತು. ಒಂದು ಗಂಟೆ.

ಆಮೇಲೆ ಬಿಸ್ಕತ್ತಿನ ಡಬ್ಬ ತೆಗೆದೆ. ಶಾಲೆಗೆ ಅವರು ಬರೆದದ್ದೆಲ್ಲ ನನ್ನ ಹತ್ತಿರ ಇದೆ. 2022, ಏಪ್ರಿಲ್ 20ರದ್ದು ಸಿಕ್ಕಿತು. ಅದರಲ್ಲಿ ಇರುವುದನ್ನು ಇದ್ದ ಹಾಗೆ ಬರೆಯುತ್ತೇನೆ: "ನೀನು ಹೇಳಿದ ಹಾಗೆ ನಾಲ್ಕರದ್ದೇ ತಂದೆ. ಅಂಗಡಿಯವನು ಎಂಟು ತಗೊಳ್ಳಿ, ಹುಡುಗನ ಕೆಲಸಕ್ಕೆ ಇದು ಸಾಲದು ಅಂದ. ನನ್ನ ಮಗಳು ಮೇಷ್ಟ್ರನ್ನು ಕೇಳಿದ್ದಾಳೆ ಅಂದೆ. ಅವನು ಬಾಯಿ ಮುಚ್ಚಿದ."

ಅತ್ತೆ, ಅವರು ಇದನ್ನು ಮರೆತಿದ್ದಾರೆಯೇ? ಎರಡು ವರ್ಷ ಅಂಗಡಿಯವನನ್ನು ನೀವೆಲ್ಲ ಬೈಯುವಾಗ ಅವರು ಏನನ್ನುತ್ತಿದ್ದರು? ಯೋಚಿಸಿ ನೋಡಿ. ಅವರು ಒಂದು ಸಲವಾದರೂ ಬೈದದ್ದು ನನಗೆ ನೆನಪಿಲ್ಲ.

ಉತ್ತರ ಬರೆಯಬೇಡಿ. ಅವರನ್ನು ಕೇಳಬೇಡಿ. ಯಾರಿಗಾದರೂ ಹೇಳದೆ ಇರಲಾಗಲಿಲ್ಲ.

ಚೆರ್ನ್


ಕ್ವಾಲಾಲಂಪುರ
25 ಆಗಸ್ಟ್, ಭಾನುವಾರ

ಪಾ,

ಯಂತ್ರ ಚೆನ್ನಾಗಿದೆ. ರಜ್ಲಾನ್ ಸರ್ ತಿರುಗಿಸಿ ಮುರುಗಿಸಿ ನೋಡಿ "ಯಾರು ಆರಿಸಿದ್ದು?" ಅಂದರು. ಅಪ್ಪ ಅಂದೆ. "ಕಾಗದದ ಅಪ್ಪನಾ?" ಅಂದರು. ಹೌದು ಸರ್ ಅಂದೆ. ಮೊದಲ ಪ್ರಾಜೆಕ್ಟಿಗೆ ಕೂತಿದ್ದೇನೆ.

ಮನೆಯಲ್ಲಿ ಇದ್ದಾಗ ನಾವು ಬಸ್ಸು, ಹಣ್ಣು, ಅಂಟಿನ ಹದ ಬಿಟ್ಟು ಬೇರೇನೂ ಮಾತಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮರೆಯಲಾರದ್ದು ಆ ಫ್ಯಾನು. ನೀವು ಕೋಕೋನ ಯಂತ್ರವನ್ನು ಬೆಂಕಿಗಿಟ್ಟಾಗ ಮೊದಲು ಮುಚ್ಚಳ ಹತ್ತಿಕೊಂಡು ಸುರುಳಿ ಸುತ್ತಿ ಹೋಯಿತಲ್ಲ. ಒಳಗಿನದೆಲ್ಲ ಕಂಡಿತು, ಹಸಿರು ಪಟ್ಟಿಗಳು, ಬೆಳ್ಳಿ ಬಿಲ್ಲೆ. ಬಿಸಿಗಾಳಿಗೆ ಎರಡೂ ಫ್ಯಾನು ತಿರುಗತೊಡಗಿದವು. ನಿಧಾನಕ್ಕೆ, ಆಮೇಲೆ ಜೋರಾಗಿ. ಅತ್ತೆ "ಏಯ್, ಶುರುವಾಯ್ತು ಕಣೋ!" ಎಂದು ಚಪ್ಪಾಳೆ ಹೊಡೆದರು. ಎಲ್ಲರೂ ನಕ್ಕರು. ಆಮೇಲೆ ಒಬ್ಬರೂ ಒಬ್ಬರ ಮುಖ ನೋಡಲಿಲ್ಲ.

ಕೂದಲು ಯಾಕಿಲ್ಲ ಎಂದು ಕೇಳಿದ್ದಿರಿ. ಎಲ್ಲಕ್ಕಿಂತ ಭಾರ ಕೂದಲು, ಪಾ. ಒಂದೊಂದು ಎಳೆಯ ಮೇಲೂ ಬೆಳಕು ಲೆಕ್ಕ ಹಾಕಬೇಕು. ಅದನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಈಗ ನನ್ನ ಯಂತ್ರದಲ್ಲಿ ಅದು ಅರ್ಧ ದಿನದ ಕೆಲಸ. ಆದರೆ ನಾನು ಮಾಡುವುದಿಲ್ಲ. ಅದು ಅವನ ಚಿತ್ರ.

ಸುಟ್ಟ ಆ ಹುಣ್ಣಿಮೆಯಿಂದೀಚೆಗೆ ಕೋಕೋ ಕನಸಿಗೆ ಒಮ್ಮೆಯೂ ಬಂದಿಲ್ಲ, ನೀವು ಮಧ್ಯಾಹ್ನವೂ ಮಲಗಿ ಕಾಯುತ್ತೀರಿ ಎಂದು ಅತ್ತೆ ಫೋನಿನಲ್ಲಿ ಹೇಳಿದರು. ಕಾಯಬೇಡಿ. ಯಂತ್ರ ಸರಿಯಾಗಿದ್ದರೆ ಕೂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಾನೇ ಈ ವಾರ ಎರಡು ಸಲ ಊಟ ಮರೆತೆ.

ಕೊನೆಯದು, ನಾಲ್ಕು ಸಾಕು ಎಂಬ ಆ ಕಾಗದದ ಅಂಚೆಯ ವಿಷಯ. ನೀವು ಬರೆದದ್ದು ಸರಿ, ಪಾ. ನನಗೂ ಈಗ ನೆನಪಾಯಿತು. ಆ ತಿಂಗಳು ವಾರ್ಡನ್ನಿಗೆ ಹುಷಾರಿರಲಿಲ್ಲ, ಭಾನುವಾರದ ಕಾಗದಗಳು ಬುಧವಾರದವರೆಗೆ ಅವರ ಮೇಜಿನ ಮೇಲೇ ಇರುತ್ತಿದ್ದವು. ಶುಕ್ರವಾರಕ್ಕಿಂತ ಮೊದಲು ಅದು ನಿಮ್ಮ ಕೈಗೆ ಬಂದಿರಲು ಸಾಧ್ಯವೇ ಇಲ್ಲ.

ನಿಮ್ಮ,
ಚೆರ್ನ್